ಕೋಸಂಬರಿಗೆ ಉಪ್ಪು ಹಾಕುವ ಹೊತ್ತು

ಮಧುಗಿರಿ ಬಸ್ ನಿಲ್ದಾಣದಲ್ಲಿ ಸೌತೆಕಾಯಿ ಕೊಳ್ಳುವವರು ಒಂದು ನಿಯಮ ಪಾಲಿಸಲೇಬೇಕು. ಕೈಗೆ ಬಂದ ಕೂಡಲೇ ತಿಂದುಬಿಡಬೇಕು. ಬುಟ್ಟಿಯ ಹೆಂಗಸು ಕಾಯಿಯ ಸಿಪ್ಪೆ ಹೆರೆದು, ತಳ ಮಾತ್ರ ಕೂಡಿಕೊಂಡಿರುವಂತೆ ಉದ್ದಕ್ಕೆ ಸೀಳಿ, ಸೀಳುಗಳ ನಡುವೆ ಉಪ್ಪುಕಾರ ಸವರಿ ಕೊಡುತ್ತಾಳೆ. ಅಲ್ಲಿಂದಾಚೆಗೆ ಕಾಯಿ ನಿಮಗಾಗಿ ಕಾಯುವುದಿಲ್ಲ.

ಮೊನ್ನೆ ನಾನು ಈ ನಿಯಮ ಮುರಿದೆ. ಕಾಯಿ ಕೈಗೆ ಬಂದ ಹೊತ್ತಿಗೇ ನಮ್ಮ ಹೆಡ್‌ಮಾಸ್ಟರ ಫೋನೂ ಬಂತು. ಅವರು ಫೋನಿನಲ್ಲಿ ಮೊದಲು ಕೆಮ್ಮುತ್ತಾರೆ. ಆಮೇಲೆ ತಮ್ಮ ಹೆಸರು ಹೇಳುತ್ತಾರೆ, ನಮ್ಮ ಮೊಬೈಲಿನಲ್ಲಿ ಅದು ಆಗಲೇ ಕಾಣುತ್ತಿದ್ದರೂ. ಮತ್ತೆ ಕೆಮ್ಮಿ ವಿಷಯಕ್ಕೆ ಬರುತ್ತಾರೆ. "ಮಂಜುನಾಥ್, ನಾಳೆ ಒಂಬತ್ತನೇ ಕ್ಲಾಸಿಗೆ ಜೀವಕೋಶದ ಪಾಠ ನೀವೇ ತಗೊಂಡ್ಬಿಡಿ. ಅದೇ ರೀ, ಆ ಆಸ್ಮಾಸಿಸ್ಸು." ಈ ಒಂದು ಮಾತು ಹೇಳಲು ಅವರು ಶಾಲೆಯ ಕಾಂಪೌಂಡು, ಬಿಸಿಯೂಟದ ಬೇಳೆ, ತಮ್ಮ ಮಂಡಿನೋವು ಎಲ್ಲವನ್ನೂ ಸುತ್ತಿ ಬಂದರು. ಮಾತು ಮುಗಿಯುವ ಹೊತ್ತಿಗೆ ನನ್ನ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಿಗಿಯಾಗಿದ್ದ ಕಾಯಿ ಸೊಂಟ ಬಾಗಿಸಿ ನನಗೇ ನಮಸ್ಕಾರ ಹೇಳುತ್ತಿತ್ತು.

"ಉಪ್ಪಾಕುಸ್ಕಂಡು ಮಾತಾಡ್ತಾ ನಿಂತ್ರೆ ಅದು ಅಳ್ದೆ ಇನ್ನೇನ್ ಮಾಡ್ತೈತೆ ಸಾ?" ಎಂದಳು ಬುಟ್ಟಿಯ ಹೆಂಗಸು.

ಮರುದಿನ ನಾನು ಹೇಳಬೇಕಾಗಿದ್ದ ಪಾಠ ಇಷ್ಟೇ. ಪ್ರತಿ ಜೀವಕೋಶಕ್ಕೂ ಒಂದು ತೆಳು ಪೊರೆ. ಆ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಆ ಕಡೆಗೆ ಹೊರಡುತ್ತದೆ, ಕೋಶ ಸೊರಗುತ್ತದೆ. ಹೊರಗೆ ಬರೀ ನೀರಿದ್ದರೆ ಅದು ಒಳಗೆ ನುಗ್ಗುತ್ತದೆ, ಕೋಶ ಉಬ್ಬುತ್ತದೆ. ಎರಡೂ ಕಡೆ ಸಮನಾಗಿದ್ದರೆ ಬಂದಷ್ಟು ಹೋಗುತ್ತದೆ, ಹೋದಷ್ಟು ಬರುತ್ತದೆ. ನೋಡಿದವರಿಗೆ ಏನೂ ಆಗುತ್ತಿಲ್ಲ ಅನಿಸುತ್ತದೆ.

ನಾನು ಅತಿಥಿ ಶಿಕ್ಷಕ. ಬಂದಾಗ ಯಾರೂ ಕಾಫಿ ಕೊಡದ, ಹೋಗುವಾಗ ಯಾರೂ ಬಾಗಿಲ ತನಕ ಬಾರದ ಅತಿಥಿ. ಈ ಪಾಠವಲ್ಲದೆ ನನಗೆ ಗೊತ್ತಿರುವ ಇನ್ನೊಂದೇ ವಿದ್ಯೆ, ಕಂಡವರ ದನಿ ತೆಗೆಯುವುದು. ಹೆಡ್‌ಮಾಸ್ಟರ ಕೆಮ್ಮು, ಕಂಡಕ್ಟರನ ಶಿಳ್ಳೆ, ದೊಡ್ಡೇರಿಯ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಸೊಪ್ಪು ಮಾರುವವಳ ರಾಗ, ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿವೆ. ನನ್ನದೇ ದನಿ ಯಾವುದೆಂದು ಕೇಳಿದರೆ ಒಮ್ಮೊಮ್ಮೆ ಹುಡುಕಬೇಕಾಗುತ್ತದೆ.

ಈ ಎರಡು ವಿದ್ಯೆಗಳೂ ಒಂದೇ ಕಡೆ ಶುರುವಾದವು. ಕೊರಟಗೆರೆಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದುತ್ತಿದ್ದಾಗ ನಮಗೊಬ್ಬ ವಿಜ್ಞಾನದ ಮೇಷ್ಟ್ರಿದ್ದರು. ಆಸ್ಮಾಸಿಸ್ ಪಾಠದ ದಿನ ಮೇಜಿನ ಮೇಲೆ ಗಾಜಿನ ಲೋಟಗಳನ್ನಿಟ್ಟು, ಜೇಬಿನಿಂದ ಒಣದ್ರಾಕ್ಷಿಯ ಪೊಟ್ಟಣ ತೆಗೆದು, ಮೂಗಿನಲ್ಲಿ ಮಾತಾಡುತ್ತಾ ಕೇಳಿದರು: "ಈ ದ್ರಾಕ್ಷೀನ ನೀರೊಳಗೆ ಹಾಕಿದ್ರೆ ಏನಾಗತ್ತೆ?"

"ಪಾಯಸ ಸಾ!" ಎಂದೆ, ಅವರದೇ ಮೂಗಿನಲ್ಲಿ.

ತರಗತಿ ನಕ್ಕಿತು. ಮೇಷ್ಟ್ರು ನಗಲಿಲ್ಲ, ಬೈಯಲೂ ಇಲ್ಲ. ನನ್ನನ್ನು ಮುಂದೆ ಕರೆದು ಹುಡುಗರ ಕಡೆ ತಿರುಗಿಸಿ ನಿಲ್ಲಿಸಿದರು. "ನೋಡ್ಕೊಳ್ಳಿ, ಇದು ಉಪ್ಪುನೀರಲ್ಲಿಟ್ಟ ಕೋಶ. ಪಕ್ಕೆಲುಬು ಎಣಿಸಬಹುದು." ಆಮೇಲೆ ಹಿಂದಿನ ಬೆಂಚಿನ ದಪ್ಪ ಹುಡುಗನನ್ನು ಕರೆದು ನನ್ನ ಪಕ್ಕ ನಿಲ್ಲಿಸಿದರು. "ಇದು ಬರೀ ನೀರಲ್ಲಿಟ್ಟ ಕೋಶ." ಆ ವರ್ಷ ನಾವಿಬ್ಬರೂ ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಅಂಕ ಪಡೆದೆವು. ನಮ್ಮ ಬಗ್ಗೆ ನಾವೇ ಬರೆಯುವುದಕ್ಕೆ ಏನು ಕಷ್ಟ?

ಸಮನಾದ ದ್ರಾವಣದಲ್ಲಿಟ್ಟ ಕೋಶಕ್ಕೆ ಮೇಷ್ಟ್ರಿಗೆ ತರಗತಿಯಲ್ಲಿ ಯಾರೂ ಸಿಗಲಿಲ್ಲ. ನನಗೆ ಮಾತ್ರ ಗೊತ್ತಿತ್ತು, ಅದು ನಮ್ಮಪ್ಪ. ಮನೆಯೊಳಗೆ ಏನು ಬಂದರೂ ಏನು ಹೋದರೂ ಅಪ್ಪ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕೇಳಿದರೆ "ಐತೆ" ಅನ್ನುತ್ತಾರೆ. ಇನ್ನೂ ಕೇಳಿದರೆ "ಆಯ್ತು" ಅನ್ನುತ್ತಾರೆ. ಅಪ್ಪನ ದನಿ ತೆಗೆಯುವುದು ಬಹಳ ಕಷ್ಟ, ಸರಕೇ ಸಾಲದು.

ಆ ಪಾಠವನ್ನು ನಾನು ಮತ್ತೆ ಕೇಳಿದ್ದು ಶಿರಾದಲ್ಲಿ, ಒಂದು ನರ್ಸಿಂಗ್ ಹೋಮಿನ ಮಂಚದ ಮೇಲೆ ಅಂಗಾತ ಮಲಗಿ. ಯಾವುದೋ ಶಾಲೆಯ ವಾರ್ಷಿಕೋತ್ಸವಕ್ಕೆ ಮಿಮಿಕ್ರಿ ಮಾಡಲು ಹೋಗಿದ್ದವನು ಅಲ್ಲಿ ಸಿಕ್ಕಿದ್ದನ್ನೆಲ್ಲ ತಿಂದು, ತಿಂದದ್ದನ್ನೆಲ್ಲ ಹಿಂದಕ್ಕೆ ಕೊಟ್ಟು, ಕೊನೆಗೆ ಸಲೈನ್ ಬಾಟಲಿಯ ಕೆಳಗೆ ಬಂದಿದ್ದೆ. ಬಾಟಲಿ ಹಾಕಿದವಳು ರೂಪ, ಅಲ್ಲಿಯ ನರ್ಸು.

"ಸಿಸ್ಟರ್, ಇದರಲ್ಲಿ ಉಪ್ಪು ಯಾಕೆ? ಬರೀ ನೀರು ಹಾಕಿದ್ರೆ ಆಗಲ್ವಾ?" ಎಂದೆ. ಉತ್ತರ ಗೊತ್ತಿತ್ತು. ಅವಳು ಪಕ್ಕದ ಮಂಚಕ್ಕೆ ಹೋಗದಿರಲಿ ಅಂತ ಕೇಳಿದೆ.

"ಬರೀ ನೀರು ಬಿಟ್ರೆ ರಕ್ತದ ಕಣ ಎಲ್ಲಾ ಉಬ್ಬಿ ಒಡ್ದೋಗ್ತವೆ. ಉಪ್ಪು ಜಾಸ್ತಿ ಮಾಡಿದ್ರೆ ಮುದುರ್ಕೊಂತವೆ. ಅದ್ಕೇ ಸರಿಸಮ. ನೀವು ಏನ್ ಕೆಲ್ಸ ಮಾಡೋದು?"

"ಸೈನ್ಸ್ ಮೇಷ್ಟ್ರು."

ಅವಳು ನನ್ನನ್ನು ನೋಡಲಿಲ್ಲ, ಬಾಟಲಿಯ ಹನಿಗಳನ್ನು ನೋಡಿದಳು. "ಗೊತ್ತಿದ್ದೂ ಕೇಳ್ತಾ ಇದೀರ."

"ಹೂಂ."

"ಸುಮ್ನೆ ಮಲ್ಕೊಳಿ."

ಸುಮ್ಮನೆ ಮಲಗಲಿಲ್ಲ. ಬಾಟಲಿ ಮುಗಿಯುವುದರೊಳಗೆ ಡಾಕ್ಟರ ದನಿಯಲ್ಲಿ ನನಗೆ ನಾನೇ ಔಷಧಿ ಬರೆದುಕೊಂಡೆ. ಅವಳು ನಕ್ಕಳು. ಆಮೇಲೆ ನಡೆದದ್ದನ್ನು ನಿಮಗೆ ವಿವರಿಸಬೇಕಾಗಿಲ್ಲ. ಒಟ್ಟಿನಲ್ಲಿ ವಿಷಯ ಎರಡೂ ಮನೆಗಳ ಪೊರೆ ದಾಟಿತು.

ರೂಪಳ ಅಪ್ಪ ರುದ್ರಪ್ಪನವರು ಮದಲೂರಿನವರು. ಹುಡುಗ ಹೇಗಾದರೂ ಇರಲಿ, ಮೊದಲು ಮನೆ ನೋಡಬೇಕು ಅಂದರು. ಅವರ ಕಡೆ ಇದಕ್ಕೊಂದು ಪದ್ಧತಿಯಿದೆ. ಮನೆ ನೋಡಲು ಬಂದವರು ಒಪ್ಪಿಗೆಯಾಗುವ ತನಕ ಆ ಮನೆಯ ಉಪ್ಪು ಮುಟ್ಟುವುದಿಲ್ಲ. ಹಾಲು, ಬಾಳೆಹಣ್ಣು, ಹೆಚ್ಚೆಂದರೆ ಸಿಹಿ ಸಜ್ಜಿಗೆ. ಉಪ್ಪು ನಾಲಿಗೆಗೆ ತಾಗಿತೋ, ಮಾತು ಕೊಟ್ಟ ಹಾಗೆ, ಹಿಂದಕ್ಕಿಲ್ಲ. ರುದ್ರಪ್ಪನವರು ಈ ಹಿಂದೆ ನೋಡಿದ ಮನೆಗಳಲ್ಲೆಲ್ಲ ಹಾಲು ಕುಡಿದು, ಬಾಯಿ ಒರೆಸಿಕೊಂಡು ಎದ್ದುಬಂದಿದ್ದರು.

"ನಮ್ಮಪ್ಪ ಹಾಲು ಕುಡ್ದು ಎದ್ರೆ ಮುಗೀತು ಅಂತ ತಿಳ್ಕೋ," ಎಂದಳು ರೂಪ ಫೋನಿನಲ್ಲಿ. "ಆಮೇಲೆ ನಾನು ಅತ್ರೂ ಕರ್ದ್ರೂ ಅಷ್ಟೆ. ನೀನು ಬ್ಯಾರೆ ಯಾರ ಕೈಲಾದ್ರೂ ಸಲೈನ್ ಹಾಕಿಸ್ಕೋ."

ಇದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಮೊರದಲ್ಲಿದ್ದ ಹೆಸರುಬೇಳೆಯನ್ನು ಆಡಿಸುತ್ತಾ ಕಲ್ಲು ಆರಿಸಿದಳು. ಆಮೇಲೆ ಆ ಬೇಳೆಯನ್ನೇ ನೋಡಿ ಅವಳ ಮುಖ ಅರಳಿತು.

"ಊಟ ಅಂದ್ರೆ ಒಲ್ಲೆ ಅಂತಾರೆ. ಬಿಸಿಲಾಗೆ ಬಂದೋರಿಗೆ ಪಾನಕ ಕೋಸಂಬ್ರಿ ಕೊಟ್ರೆ ಯಾರ್ಲಾ ಒಲ್ಲೆ ಅಂತಾರೆ? ಕೋಸಂಬ್ರಿ ಊಟ ಅಲ್ಲ ಕಣ್ಲಾ. ಆದ್ರೆ ಉಪ್ಪು ಉಪ್ಪೇಯ."

ನಮ್ಮಮ್ಮ ರಾಜಕೀಯಕ್ಕೆ ಹೋಗದೆ ದೊಡ್ಡೇರಿಯಲ್ಲೇ ಉಳಿದದ್ದು ಬೇರೆಯವರ ಪುಣ್ಯ. ಉಪಾಯದ ಜೊತೆಗೆ ನನಗೊಂದು ಆಜ್ಞೆಯೂ ಬಂತು: "ಅವ್ರು ಬಂದು ಹೋಗೋಗಂಟ ನಿನ್ ದನಿ ಬುಟ್ಟು ಬ್ಯಾರೆ ದನಿ ಬಾಯಿಂದ ಬಂದ್ರೆ ಸೌಟು ಕಾಯಿಸ್ತೀನಿ."

ಅವರು ಬರುವ ದಿನ ಬೆಳಿಗ್ಗೆ ನೆನೆಹಾಕಿದ ಹೆಸರುಬೇಳೆ ನೀರು ಕುಡಿದು ಮುದ್ದಾಗಿ ಉಬ್ಬಿತ್ತು. ಕೋಸಂಬರಿ ಎಂಬುದು ಎಂಥ ತಿನಿಸು ನೋಡಿ. ಬೇಳೆ ನೀರು ಕುಡಿದು ಬಂದಿರುತ್ತದೆ, ಸೌತೆಕಾಯಿ ನೀರು ಬಿಡಲು ಕಾದಿರುತ್ತದೆ, ಎರಡೂ ಒಂದೇ ಪಾತ್ರೆಯಲ್ಲಿ ಸಂಸಾರ ಮಾಡಬೇಕು. ಅದಕ್ಕೇ ನಮ್ಮ ಮನೆಯಲ್ಲಿ ಕೋಸಂಬರಿಗೆ ಉಪ್ಪು ಬೀಳುವುದು ಬಡಿಸುವ ಗಳಿಗೆಯಲ್ಲಿ, ಮುಂಚೆ ಅಲ್ಲ.

ಇದು ನಮ್ಮ ಸವಿತ ಅತ್ತಿಗೆಗೆ ಗೊತ್ತಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ಮನೆಗೆ ಹೊಸಬಳು. ತವರು ಪಾವಗಡ ತಾಲ್ಲೂಕಿನ ರಾಯಚರ್ಲು. ಅಲ್ಲಿ ಮಾತಿನಲ್ಲಿ ತೆಲುಗು ಎಷ್ಟು, ಕನ್ನಡ ಎಷ್ಟು ಎಂದು ಬೇರ್ಪಡಿಸಲು ಯಾವ ಪೊರೆಗೂ ಆಗುವುದಿಲ್ಲ. ಕುಡಿಯುವ ನೀರನ್ನು ಮಾತ್ರ ಬೇರ್ಪಡಿಸುತ್ತಾರೆ. ಊರ ಬೋರಿನ ಗಡಸು ನೀರನ್ನು ಫಿಲ್ಟರ್ ಘಟಕದ ಮೋಟರು ಪೊರೆಯ ಮೂಲಕ ಒತ್ತಿ ನೂಕುತ್ತದೆ, ಉಪ್ಪು ಹಿಂದೆ ಉಳಿಯುತ್ತದೆ, ಸಿಹಿನೀರು ಕ್ಯಾನಿಗೆ ಬರುತ್ತದೆ. ನೀರು ತಾನಾಗಿ ಹೋಗಲು ಬಯಸುವ ದಿಕ್ಕಿಗೆ ತೀರಾ ವಿರುದ್ಧ. ಬೆಳಿಗ್ಗೆ ಅಮ್ಮ ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದೂ ಇದೇ ತತ್ವದಲ್ಲಿ.

ಇಂಥ ಊರಿನಿಂದ ಬಂದ ಅತ್ತಿಗೆ, ಸೌತೆಕಾಯಿ ಹೆಚ್ಚಿದ ಕೂಡಲೇ ಉಪ್ಪು ಬೆರೆಸಿ ಮುಚ್ಚಿಟ್ಟಳು. ಅಮ್ಮ ಬಂದು ಮುಚ್ಚಳ ತೆಗೆದಾಗ ಬೇಳೆ ತೇಲುತ್ತಿತ್ತು.

"ಇದೇನಮ್ಮಾ ಇದು, ಕೋಸಂಬ್ರಿನಾ ಸಾರಾ?"

"ಮಾ ಇಂಟ್ಲೋ, ನಮ್ಮನೇಲಿ, ಮೊದ್ಲೇ ಹಾಕ್ತಾರತ್ತೆ. ಆಮೇಲೆ ನೀರು ಹಿಂಡಿ ತಿಂತಾರೆ ಕದಾ."

ನಾನು ಬಾಗಿಲಲ್ಲಿ ನಿಂತು, ಕೊರಟಗೆರೆಯ ಮೇಷ್ಟ್ರ ಮೂಗಿನಲ್ಲಿ, "ಅತ್ತಿಗೆ, ಹೊರಗೆ ಉಪ್ಪು ಜಾಸ್ತಿ ಆದ್ರೆ ಇದನ್ನ ಹೈಪರ್‌ಟಾನಿಕ್ ಅಂತಾರೆ" ಎಂದೆ.

"ಮರಿದೀ, ನುವ್ವು ಊರಕೇ ಉಂಡು!" ಎಂದಳು. ಮರಿದಿ ಅಂದರೆ ಮೈದುನ, ಉಳಿದದ್ದರ ಅರ್ಥ ಬಾಯಿ ಮುಚ್ಚು.

ಆ ಪಾತ್ರೆಯನ್ನು ಅಪ್ಪನ ಮುಂದಿಟ್ಟರು. ಅಪ್ಪ ನೀರು ಸಮೇತ ತಿಂದು "ಆಯ್ತು" ಅಂದರು.

ಹೊಸದಾಗಿ ಸೌತೆಕಾಯಿ ಹೆಚ್ಚಿದರು. ಅಮ್ಮ ಈ ಸಲ ಅತ್ತಿಗೆಗೆ ಕಟ್ಟುನಿಟ್ಟಾಗಿ ಹೇಳಿದಳು: "ನಾನು ನಡುಮನೆಯಿಂದ 'ಸವಿತಾ, ಆಯ್ತೇನಮ್ಮೋ' ಅಂತ ಕೂಗ್ತೀನಿ. ಕೂಗಿದ್ ತಕ್ಷಣ ಉಪ್ಪಾಕಿ ಕಲ್ಸು. ಅಲ್ಲೀಗಂಟ ಉಪ್ಪಿನ ಜಾಡಿ ಕಡೆ ನೋಡ್ಲೂ ಬ್ಯಾಡ." ರುಚಿ ನೋಡಿ ಸರಿಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಬಂದವರು ತಿನ್ನುವ ಮುಂಚೆ ಒಂದು ಕಾಳು ಬಾಯಿಗೆ ಹಾಕಿದರೂ ನಮ್ಮ ಮನೆಯಲ್ಲಿ ಅದು ಎಂಜಲು. ಅಮ್ಮನ ಅಡಿಗೆಮನೆಯಲ್ಲಿ ಉಪ್ಪು ನಡೆಯುವುದು ನಾಲಿಗೆಯಿಂದಲ್ಲ, ಕೂಗಿನಿಂದ.

ಕೂಗಿನಿಂದ ನಡೆಯುವ ಮನೆಯಲ್ಲಿ ನನ್ನಂಥವನೊಬ್ಬ ಇರಬಾರದು. ಆಜ್ಞೆ ಇದ್ದದ್ದು ನೆಂಟರು ಬಂದ ಮೇಲಕ್ಕೆ ತಾನೆ, ಅವರಿನ್ನೂ ಬಂದಿರಲಿಲ್ಲ. ಹಿತ್ತಲಿನಲ್ಲಿ ನಿಂತು ಅಮ್ಮನ ದನಿಯಲ್ಲಿ "ಸವಿತಾ, ಆಯ್ತೇನಮ್ಮೋ!" ಅಂದೆ. ಅತ್ತಿಗೆ ದಡಬಡನೆ ಜಾಡಿಗೆ ಕೈಹಾಕಿ, ಕಿಟಕಿಯಲ್ಲಿ ನನ್ನ ಹಲ್ಲು ಕಂಡು, ಸೌತೆಕಾಯಿ ಸಿಪ್ಪೆ ತೂರಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಅಂದೆ. ಮತ್ತೆ ಜಾಡಿ, ಮತ್ತೆ ಸಿಪ್ಪೆ.

"ಇನ್ಮ್ಯಾಲೆ ಆ ದನಿ ಬಂದ್ರೆ ನಾನು ಜಾಡಿ ಮುಟ್ಟಲ್ಲ ಮರಿದೀ, ಚೂಡು!" ಎಂದಳು. ಚೂಡು ಅಂದರೆ ನೋಡು. ನೋಡುವ ಗಳಿಗೆ ಹತ್ತಿರದಲ್ಲೇ ಇತ್ತು.

ರುದ್ರಪ್ಪನವರು ತಂಗಿ ನಾಗಮ್ಮನನ್ನು ಕರೆದುಕೊಂಡು ಬಂದರು. ಹಣೆಯಲ್ಲಿ ವಿಭೂತಿ, ತೋಳಿನ ಮೇಲೆ ಟವೆಲು, ದನಿ ಬಾವಿಯ ತಳದಿಂದ ಬಂದಂತೆ. ಪ್ರತಿ ಮಾತಿಗೂ ಮುಂಚೆ "ಊಂ... ಅಂದ್ರೇ..." ಎಂದು ಒಂದು ಬಿಂದಿಗೆ ಇಳಿಬಿಟ್ಟು, ಆಮೇಲೆ ಮಾತನ್ನು ಸೇದುತ್ತಿದ್ದರು. ಅಂಥ ದನಿಯೊಂದು ಕೈಗೆ ಎಟುಕುವಷ್ಟು ಹತ್ತಿರ ಕೂತಿದ್ದರೂ ಮುಟ್ಟುವಂತಿಲ್ಲ. ನನ್ನ ಗಂಟಲು ತುರಿಸುತ್ತಿತ್ತು.

ಅವರು ತೊಲೆ ನೋಡಿದರು, ದನದ ಕೊಟ್ಟಿಗೆ ನೋಡಿದರು. ಅಪ್ಪನನ್ನು ಕೇಳಿದರು: "ಊಂ... ಅಂದ್ರೇ... ಬೋರಾಗೆ ನೀರು ಹೆಂಗೈತೆ?"

"ಐತೆ."

"ಸಿಹಿನಾ, ಉಪ್ಪಾ?"

ಅಪ್ಪ ಬಹಳ ಯೋಚಿಸಿದರು. "ಎಲ್ಡೂ ಅಲ್ಲ."

ನಾಗಮ್ಮ ನನ್ನ ಕಡೆ ತಿರುಗಿದಳು. "ಕೆಲ್ಸ ಪರ್ಮನೆಂಟಾ?"

"ಅತಿಥಿ ಶಿಕ್ಷಕ."

"ಅತಿಥಿ ಅಂದ್ರೆ ಹೊರಡೋದ್ ಯಾವಾಗಪ್ಪಾ?"

ಅಷ್ಟರಲ್ಲಿ ಅಮ್ಮ ನಡುಮನೆಯ ಬಾಗಿಲಿನಿಂದ ಕೂಗಿದಳು: "ಸವಿತಾ, ಆಯ್ತೇನಮ್ಮೋ!" ಅಡಿಗೆಮನೆಯಲ್ಲಿ ಅತ್ತಿಗೆ ನಕ್ಕದ್ದು ನನಗೆ ಕೇಳಿಸಿತು. ಪಾಪ, ಮೈದುನ ತನ್ನ ಮದುವೆಯ ಮಾತಿನ ದಿನವೂ ಹಠ ಬಿಡನಲ್ಲ ಅಂದುಕೊಂಡು ಅವಳು ಪಾನಕದ ಏಲಕ್ಕಿ ಕುಟ್ಟಲು ಹಿತ್ತಲಿಗೆ ಹೋದಳು. ಅಮ್ಮ ಒಳಗೆ ಹೋಗಿ, ಕಲಸಿಟ್ಟಂತೆ ಕಂಡ ಕೋಸಂಬರಿಯ ಪಾತ್ರೆ ಎತ್ತಿಕೊಂಡು ಬಂದು, ಬಾಳೆಲೆಯ ತುಂಡುಗಳ ಮೇಲೆ ಬಡಿಸಿದಳು.

ಅಣ್ಣ ತಂಗಿ ಮುಖ ಮುಖ ನೋಡಿಕೊಂಡರು. ಅವರಿಗೂ ಅರ್ಥವಾಗಿತ್ತು. ನಾಗಮ್ಮ ಸಣ್ಣಗೆ ತಲೆಯಾಡಿಸಿ ಬೇಡ ಅಂದಳು. ರುದ್ರಪ್ಪನವರು ಹೊರಗಿನ ಬಿಸಿಲು ನೋಡಿದರು, ಅಮ್ಮನ ಮುಖ ನೋಡಿದರು. "ಊಂ... ಅಂದ್ರೇ... ಕೋಸಂಬ್ರಿ ತಾನೆ" ಎಂದು ಒಂದು ತುತ್ತು ಬಾಯಿಗೆ ಹಾಕಿಕೊಂಡರು.

ಸೌತೆಕಾಯಿ ಕರಕರ ಅಂದಿತು. ಅಷ್ಟು ಬಿಗಿಯಾದ ಸೌತೆಕಾಯಿಯ ಸದ್ದು ನಾನು ಹಿಂದೆಂದೂ ಕೇಳಿರಲಿಲ್ಲ. ಒಂದು ಹನಿ ನೀರೂ ಕಳೆದುಕೊಳ್ಳದ ಕೋಶಗಳು ಅವು. ರುದ್ರಪ್ಪನವರು ಅಗಿಯುವುದನ್ನು ನಿಲ್ಲಿಸಿದರು. ನಾಗಮ್ಮನೂ ಒಂದು ಚಿಟಿಕೆ ತಿಂದು ನೋಡಿದಳು. ಅವಳ ಹುಬ್ಬು ಮೇಲಕ್ಕೆ ಹೋಯಿತು.

"ಅಣ್ಣಾ, ಇದ್ರಾಗೆ ಉಪ್ಪೇ ಇಲ್ಲ!" ಆಮೇಲೆ ನಿರಾಳವಾಗಿ, "ಬುಡು, ಒಳ್ಳೇದೇ ಆತು. ಏನೂ ಮುಟ್ಟಿದಂಗಾಗ್ನಿಲ್ಲ. ಏಳು, ಬಸ್ಸಿಗೊತ್ತಾತು."

ಅಮ್ಮನ ಮುಖ ಉಪ್ಪು ಸವರಿದ ಸೀಳಿನಂತಾಯಿತು. ಅಡಿಗೆಮನೆಗೆ ಹೋಗಿಬಿಟ್ಟಳು. ಅದೇ ಹೊತ್ತಿಗೆ ಪಾನಕದ ಲೋಟಗಳ ತಟ್ಟೆ ಹಿಡಿದು ಬಂದ ಅತ್ತಿಗೆ ಎಲೆಗಳನ್ನು ನೋಡಿ ನಿಂತಲ್ಲೇ ನಿಂತಳು.

"ಅಯ್ಯೋ ದೇವುಡಾ! ಕೂಗಿದ್ದು ನಿಜಂಗಾ ಅತ್ತೇನಾ? ನಾನು ಮರಿದಿ ಅನ್ಕೊಂಡು ಉಪ್ಪೇ ಹಾಕ್ಲಿಲ್ಲ!"

ಎಲ್ಲರೂ ನನ್ನ ಕಡೆ ತಿರುಗಿದರು. ರುದ್ರಪ್ಪನವರು ಆಗಲೇ ಅರ್ಧ ಎದ್ದಿದ್ದವರು, ಮತ್ತೆ ಕೂತರು. "ಊಂ... ಅಂದ್ರೇ... ಏನಿದು?"

ಅಪ್ಪ ಗಂಟಲು ಸರಿಮಾಡಿಕೊಂಡರು. "ನಮ್ಮುಡುಗ ಎಲ್ರ ದನೀನೂ ತೆಗೀತಾನೆ. ಅವ್ರಮ್ಮನ್ ದನಿ ಅಂತೂ ಥೇಟು." ಅಪ್ಪನ ಬಾಯಲ್ಲಿ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು.

ರುದ್ರಪ್ಪನವರು ನನ್ನನ್ನು ಕಾಲಿನಿಂದ ತಲೆಯ ತನಕ ನೋಡಿದರು. "ಎಲ್ರದೂನಾ? ಊಂ... ಅಂದ್ರೇ... ನಂದೂ ತೆಗೀತೀಯಾ?"

ನನ್ನ ಸ್ಥಿತಿ ನೋಡಿ. ಇಲ್ಲ ಅಂದರೆ ಸುಳ್ಳುಗಾರ. ಹೂಂ ಅಂದು ತೆಗೆದರೆ, ಹೆಣ್ಣು ಕೊಡಲು ಬಂದ ಹಿರಿಯರನ್ನು ಅವರ ಎದುರಿಗೇ ಅಣಕಿಸಿದ ಅಧಿಕಪ್ರಸಂಗಿ. ಒಂದು ಕಡೆ ಉಬ್ಬಿ ಒಡೆಯಬೇಕು, ಇನ್ನೊಂದು ಕಡೆ ಮುದುರಿ ಸಾಯಬೇಕು. ಶಿರಾದಲ್ಲಿ ಮಂಚದ ಪಕ್ಕ ನಿಂತು ಹನಿ ನೋಡುತ್ತಿದ್ದವಳ ಮುಖ ನೆನಪಾಯಿತು. ಎಲೆಯ ಮೇಲೆ ಸಪ್ಪೆ ಕೋಸಂಬರಿ ಬಿಗಿದುಕೊಂಡು ಕೂತಿತ್ತು. ನಾನು ಬಾಯಿ ತೆರೆದೆ. ತುರಿಸುತ್ತಿದ್ದ ಗಂಟಲಿನಿಂದ, ಬಾವಿಯ ತಳದಿಂದ, ಅಡಿಗೆಮನೆಗೂ ಕೇಳುವಷ್ಟು ಗಟ್ಟಿಯಾಗಿ ರುದ್ರಪ್ಪನವರೇ ಹೊರಗೆ ಬಂದರು:

"ಊಂ... ಅಂದ್ರೇ... ಒಸಿ ಉಪ್ಪು ತತ್ತಾರವ್ವಾ!"

ಒಳಗಿದ್ದ ಅಮ್ಮನಿಗೆ ಇದ್ಯಾವುದೂ ತಿಳಿಯದು. ಕಣ್ಣೊರೆಸಿಕೊಳ್ಳುತ್ತಿದ್ದವಳು ಬೀಗರೇ ಕರೆದರೆಂದು "ಬಂದೆ ಬಂದೆ" ಎನ್ನುತ್ತಾ ಜಾಡಿ ಸಮೇತ ಓಡಿಬಂದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂಬ ನಂಬಿಕೆ, ಅದಕ್ಕೇ ಜಾಡಿಯನ್ನು ರುದ್ರಪ್ಪನವರ ಎಲೆಯ ಪಕ್ಕ ನೆಲದ ಮೇಲಿಟ್ಟು, ಮುಚ್ಚಳ ತೆಗೆದು, ಹಿಂದೆ ಸರಿದು ನಿಂತಳು. "ಕ್ಷಮ್ಸಿ ಬೀಗ್ರೇ, ನೀವೇ ಕೇಳಂಗಾಯ್ತು."

ನಾಗಮ್ಮ ಸೆರಗು ಬಾಯಿಗೆ ತುರುಕಿಕೊಂಡಳು. ಆದರೂ ನಗು ಸೋರಿತು. ರುದ್ರಪ್ಪನವರು ನಗಲಿಲ್ಲ. ಜಾಡಿ ನೋಡಿದರು. ನನ್ನನ್ನು ನೋಡಿದರು. ಮತ್ತೆ ಜಾಡಿ ನೋಡಿದರು. ಅಮ್ಮನಿಗೆ ಏನೋ ತಪ್ಪಾಗಿದೆ ಎಂದು ಅನುಮಾನ ಬರುವಷ್ಟು ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಬೆರಳು ಜಾಡಿಗಿಳಿಸಿದರು.

ನಾಗಮ್ಮನ ನಗು ನಿಂತಿತು. "ಅಣ್ಣಾ! ನಿಂಗೆ ಬಿಪಿ ಐತೆ. ಉಪ್ಪು ಮುಟ್ಬ್ಯಾಡ ಅಂತ ರೂಪ ಹೇಳಿಲ್ವಾ? ಅದೂ ಇವ್ರ ಮನೆ ಉಪ್ಪು..."

ರುದ್ರಪ್ಪನವರು ಚಿಟಿಕೆ ಉಪ್ಪನ್ನು ಎಲೆಯ ಮೇಲೆ ಉದುರಿಸಿ, ಚೆನ್ನಾಗಿ ಕಲಸಿ, ಒಂದು ತುತ್ತು ತಿಂದರು.

"ಏನ್ ಮಾಡ್ಲೇ ನಾಗಿ? ಕೇಳ್ದೋನು ನಾನೇ ತಾನೆ? ನಿನ್ ಕಿವೀಲೇ ಕೇಳಿಸ್ಕಂಡ್ಯಲ್ಲ."

ಆಮೇಲೆ ದಿನ ನೋಡುವ ಮಾತು ಶುರುವಾಯಿತು. ಸಂಬಂಧಪಟ್ಟವನಾದ ನನ್ನನ್ನು ಯಾರೂ ಏನೂ ಕೇಳಲಿಲ್ಲ. ನಾನು ಎಲೆಯನ್ನೇ ನೋಡುತ್ತಾ ಕೂತಿದ್ದೆ. ಉಪ್ಪು ಬಿದ್ದ ಸೌತೆಕಾಯಿ ಮೊದಲು ಹೊಳೆಯಿತು, ಆಮೇಲೆ ಬೆವರಿತು, ಬಿಗಿ ಬಿಟ್ಟು ಮೆತ್ತಗಾಯಿತು. ಮಾತು ಮುಗಿಯುವ ಹೊತ್ತಿಗೆ ಎಲೆಯ ಮೇಲೆ ಸಣ್ಣದೊಂದು ಕೆರೆಯಾಗಿತ್ತು. ರುದ್ರಪ್ಪನವರು ಎಲೆಯನ್ನು ದೊನ್ನೆಯಂತೆ ಎತ್ತಿ ಆ ನೀರನ್ನೂ ಕುಡಿದು, ಮೀಸೆ ಒರೆಸಿಕೊಂಡು, ನನ್ನ ಕಡೆ ತಿರುಗಿದರು.

"ಊಂ... ಅಂದ್ರೇ... ರೂಪಂಗೆ ಹೇಳ್ಬ್ಯಾಡ."